ಗಂಟೆಗೆ ನೂರ ಎಂಬತ್ಮೂರು

ಹತ್ತೊಂಬತ್ತು ವರ್ಷ ಗ್ರೇಡರ್ ಓಡಿಸಿದ್ದೇನೆ,
ಯಾರ್ಕ್‌ಟನ್ನಿನ ಉತ್ತರಕ್ಕೆ, ಗ್ರಾಮಮಂಡಳಿಯ ಜಲ್ಲಿರಸ್ತೆಗಳ ಮೇಲೆ.
ಬೇಸಿಗೆಯಲ್ಲಿ ಗುಂಡಿ, ಚಳಿಗಾಲದಲ್ಲಿ ಹಿಮ,
ಅಲಗು ಇಳಿಸು, ಅಲಗು ಎತ್ತು.
ಆ ರಸ್ತೆಗಳು ನೆಟ್ಟಗಿವೆಯೋ ಇಲ್ಲವೋ
ಇದುವರೆಗೆ ನೋಡಿದ್ದಿಲ್ಲ.

ಇದನ್ನು ಭಾವ ಮಿರೋನನಿಗೆ ಹೇಳಲಿಲ್ಲ.
ಅವನು ಲೆಕ್ಕಿಗ. ಅಡುಗೆಮನೆಯ ಮೇಜಿಗೆ
ಕ್ಯಾಲ್ಕ್ಯುಲೇಟರನ್ನು ಸ್ವಂತ ತಟ್ಟೆಯಂತೆ ತಂದುಕೊಂಡು ಕೂತ.
ಬೀಜದ ಕಂಪನಿಯ ಕ್ಯಾಲೆಂಡರ್ ಹರಿದುಕೊಟ್ಟೆ, ಮಾರ್ಚ್ ತಿಂಗಳ ಬೆನ್ನು.
"ಬೆಲೆ ಬಿಡು," ಅಂದ, "ಬೆಲೆ ಒಂದು ಸಲದ ನೋವು.
ಹಾರದೆ ನಿಂತಾಗಲೂ ಏನೇನು ತಿನ್ನುತ್ತದೆ, ಅದನ್ನು ಹೇಳು."
ವಿಮೆ, ಸಾವಿರದ ಎಂಟುನೂರು.
ವರ್ಷಕ್ಕೊಮ್ಮೆ ಹೊಟ್ಟೆ ಬಿಚ್ಚಿ ನೋಡುವ ತಪಾಸಣೆ, ಎರಡೂವರೆ ಸಾವಿರ,
ಅದೂ ಏನೂ ಸಿಗದಿದ್ದರೆ.
ಕೊವಾಲ್ಚುಕರ ಶೆಡ್ಡಿನಲ್ಲಿ, ಕಂಬೈನಿನ ಪಕ್ಕ,
ಜಾಗಕ್ಕೆ ಸಾವಿರದ ಇನ್ನೂರು.
ವರ್ಷಕ್ಕೆ ಐವತ್ತು ಗಂಟೆ ಹಾರುತ್ತೀಯಾ? ಹಾರುತ್ತೇನೆ.
ಹಾಗಾದರೆ ಗಂಟೆಗೆ ನೂರ ಹತ್ತು, ಇನ್ನೂ ನೆಲದ ಮೇಲೇ.
ಪೆಟ್ರೋಲು ಐವತ್ಮೂರು.
ಮುಂದೊಂದು ದಿನ ಸಾಯುವ ಎಂಜಿನ್ನಿನ ಹೆಸರಲ್ಲಿ
ಈಗಿನಿಂದಲೇ ಡಬ್ಬಿಗೆ ಇಪ್ಪತ್ತು.
ನೂರ ಎಂಬತ್ಮೂರು. ಕೆಳಗೆ ಎರಡು ಗೆರೆ ಎಳೆದ.

ಹಾಸಿಗೆ ಇದ್ದಷ್ಟೇ ಕಾಲು ಚಾಚು, ಸರಿ.
ಮೂವತ್ಮೂರು ಅಡಿ ರೆಕ್ಕೆಗೆ ಹಾಸಿಗೆ ಹೊಲಿಯುವವರು ಯಾರು?
"ಅಷ್ಟಕ್ಕೂ ಎಲ್ಲಿಗೆ ಹೋಗಬೇಕು ನಿನಗೆ?"
ಚಹಾ ಆರುತ್ತಿದೆ, ಅಂದೆ.

ಮೊದಲನೆಯದು ಸಾಸ್ಕಟೂನಿನಲ್ಲಿ. ಮದುವಣಗಿತ್ತಿಯ ಮೆರುಗು,
ಹೊಸ ರೇಡಿಯೋ, ಚರ್ಮದ ಸೀಟು.
ದಾಖಲೆಪುಸ್ತಕದಲ್ಲಿ ಏಳು ವರ್ಷ ಇಲ್ಲ.
"ಆಗೆಲ್ಲ ಸುಮ್ಮನೆ ನಿಂತಿತ್ತು," ಅಂದ ಮಾರುವವನು.
ನಿಂತ ಯಂತ್ರ ನನಗೆ ಗೊತ್ತು.
ನಿಂತದ್ದು ಸುಮ್ಮನಿರುವುದಿಲ್ಲ.

ಎರಡನೆಯದು ನಾಲ್ಕು ಸೀಟಿನದು.
ಅಷ್ಟು ಸೀಟಿಗೆ ನನ್ನಲ್ಲಿ ಜನ ಇಲ್ಲ.
ಆದರೂ ಒಂದು ರಾತ್ರಿ ನಿದ್ದೆಗೆ ಮುಂಚೆ
ಹಿಂದಿನ ಸೀಟಿನಲ್ಲಿ ಯಾರ್ಯಾರನ್ನೋ ಕೂರಿಸಿ ನೋಡಿದೆ.

ಮೂರನೆಯದು ಕ್ಯಾನೋರಾ ಹತ್ತಿರ, ಗುನ್ನಾರ್ ಸೊಲ್‌ಬರ್ಗನ ಕೊಟ್ಟಿಗೆಯಲ್ಲಿ.
ಅರವತ್ತೇಳರ ಸೆಸ್ನಾ, ಎರಡೇ ಸೀಟು,
ಬಾಲಕ್ಕೆ ಬೇಲಿಯ ಕುಂಚದಲ್ಲಿ ಹಚ್ಚಿದ ಬಣ್ಣ.
ಪುಸ್ತಕ ಮಾತ್ರ ಎಲ್ಲೂ ಹಾರಿಲ್ಲ: ಟೈರು, ಬಲ್ಬು, ಎಣ್ಣೆ,
"ಎಡರೆಕ್ಕೆಯಿಂದ ಇಲಿಗೂಡು ತೆಗೆದೆ, ಮರಿಗಳಿರಲಿಲ್ಲ."

ಹಾರಿದೆವು, ಭುಜಕ್ಕೆ ಭುಜ ಒತ್ತಿಕೊಂಡು.
ಕೆಳಗೆ ನನ್ನ ರಸ್ತೆ, ದಾರ ಎಳೆದು ಕಟ್ಟಿದ ಹಾಗೆ.
ಜೌಗಿನ ಹತ್ತಿರ ಒಂದೇ ಕಡೆ
ಪಶ್ಚಿಮಕ್ಕೆ ಒಂದಿಷ್ಟು ಹೊಟ್ಟೆ ಬಂದಿದೆ.
ನಾನೇ ತರಿಸಿದ್ದು. ಪ್ರತಿ ಮಂಗಳವಾರ, ಅಲ್ಲಿ
ಬಾತುಗಳು ದಾಟುತ್ತವೆಂದು, ಅಲಗನ್ನು ಸ್ವಲ್ಪ ಸರಿಸಿ.
ಗುನ್ನಾರ್ ಏನೋ ಕೂಗಿದ. ಕೇಳಿಸಿಕೊಳ್ಳಲಿಲ್ಲ.

ಇಳಿದ ಮೇಲೆ, ಎಂಜಿನ್ನು ಬಿಸಿಯಿರುವಾಗಲೇ,
ಮೆಕ್ಯಾನಿಕ್ ಆಬ್ರಾಮ್ ಫ್ರೀಸೆನ್ ಸಿಲಿಂಡರುಗಳಿಗೆ ಗಾಳಿ ಕೊಟ್ಟ.
ಎಂಬತ್ತಕ್ಕೆ ಎಪ್ಪತ್ತಾರು. ಎಪ್ಪತ್ನಾಲ್ಕು. ಎಪ್ಪತ್ತೈದು.
ನಾಲ್ಕನೆಯದಕ್ಕೆ ಸಂಖ್ಯೆ ಹೇಳಲಿಲ್ಲ.
"ಬಾ ಇಲ್ಲಿ, ಕೇಳು."
ಹೊಗೆಕೊಳವೆಯ ಬಾಯಿಗೆ ಕಿವಿ ಹಿಡಿದೆ.
ಬಾಗಿಲ ಸಂದಿಯಲ್ಲಿ ಜನವರಿ ನುಸುಳುವ ಸದ್ದು.
ಐವತ್ತೆಂಟು.

ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡಬಾರದಂತೆ.
ಮಾಡಿದೆ.
ಮೂವತ್ತೊಂದು ಸಾವಿರದಲ್ಲಿ ಸಿಲಿಂಡರಿನ ಮೂರು ಕಳೆ, ಅಂದೆ.
ಎರಡು, ಅಂದ ಗುನ್ನಾರ್.
ನಾನು ನನ್ನ ಟ್ರಕ್ಕಿನ ಕಡೆ ನೋಡಿದೆ, ಅವನು ತನ್ನ ಬೂಟಿನ ಕಡೆ.
ಎರಡೂವರೆ. ಮತ್ತೆ ಚಳಿಗಾಲದಲ್ಲಿ
ಎಂಜಿನ್ನಿಗೆ ಹೊದಿಸುವ ಆ ಕೌದಿ?

ಅದು ಹೆಂಡತಿ ಹೊಲಿದದ್ದೋ, ಅಂಗಡಿಯದೋ, ಕೇಳಲಿಲ್ಲ.
ಮೂತಿಯ ಮೇಲೆ ಆಗಲೇ ಹೊದಿಸಿಬಿಟ್ಟಿದ್ದ, ಅಭ್ಯಾಸಬಲದಿಂದ.
ಮತ್ತೆ ತೆಗೆದು ಮಡಿಸುವಾಗ ಒಂದು ತುದಿ ನಾನು ಹಿಡಿದೆ.
ಎಣ್ಣೆಯ ವಾಸನೆ.
ಒಳಮೈ ಇನ್ನೂ ಬೆಚ್ಚಗಿತ್ತು.