ಆನೆ ಎಲ್ಲಿದೆ ಎಂದು ಹೇಳುವವಳು

ಬೆಳಗಿನ ಐದೂವರೆಗೆ ಊರಿಗೆ ಆನೆಯ ಸುದ್ದಿ ಹೇಳುವವಳು ನಾನು.
ಕೊರಳಪಟ್ಟಿ ಕಟ್ಟಿದ ಹೆಣ್ಣಾನೆ,
ನಮ್ಮ ಕಡತದಲ್ಲಿ ಅವಳ ಹೆಸರು ಸೀಗೆ.
ಗಂಟೆಗೊಮ್ಮೆ ತಾನಿರುವ ಜಾಗವನ್ನು ಆಕಾಶಕ್ಕೆ ಒಪ್ಪಿಸುವ ಪೆಟ್ಟಿಗೆ
ಅವಳ ಕುತ್ತಿಗೆಯಲ್ಲಿದೆ. ಅವಳಿಗದು ಗೊತ್ತಿಲ್ಲ.
ತಿತಿಮತಿಯ ಮೇಜಿನಲ್ಲಿ ಚುಕ್ಕಿ ನೋಡಿ ಬರೆಯುತ್ತೇನೆ:
"ಸೀಗೆ, ಮರಿ ಸಮೇತ, ಚೆನ್ನಂಗಿ ಲೈನ್‌ಮನೆ ಹಿಂದಿನ ಕೆರೆ.
ಕೆಲಸಕ್ಕೆ ಹೊರಟವರು ಏಳೂವರೆ ತನಕ ತಡೆಯಿರಿ."
ಇನ್ನೂರ ಹದಿನಾಲ್ಕು ಫೋನುಗಳು ಒಟ್ಟಿಗೆ ಗುಂಯ್ ಎನ್ನುತ್ತವೆ.
ಒಬ್ಬರಾದರೂ ಕೈಮುಗಿದ ಚಿತ್ರ ಕಳಿಸುತ್ತಾರೆ.

ಒಳ್ಳೆಯ ಕೆಲಸ ಎಂದೇ ತಿಳಿದಿದ್ದೆ.
ಈಗಲೂ.

ಮಂಗಳವಾರ ಲಿಷ್ಮಾ ಅಕ್ಕಿ ಒಟ್ಟಿ ಮುರಿಯುತ್ತಾ ಕೇಳಿದಳು,
"ಅವ್ವ, ನಾನು ಸಿಗ್ನಲ್ ಕಲ್ಲಿನ ಮೇಲೆ ಕೂತದ್ದು
ಆಟದಲ್ಲಿ ಸಿಕ್ಕಿದ ಆ ಅಣ್ಣನಿಗೆ ಹೇಗೆ ಗೊತ್ತು?
ಚಳಿ ಆಗಲ್ವಾ ಅಂತ ಕೇಳಿದ."

ನಮ್ಮ ಮನೆಗೆ ಟವರು ಎಟುಕುವುದಿಲ್ಲ.
ತೋಡು ದಾಟಿ, ರೊಬಸ್ಟಾ ಗಿಡಗಳ ನಡುವೆ
ನೂರೈವತ್ತು ಹೆಜ್ಜೆ ಹತ್ತಿದರೆ ಒಂದು ಬಂಡೆ,
ಅದರ ಮೇಲೆ ಮಾತ್ರ ಎರಡು ಕಡ್ಡಿ.
ಅವಳ ಹೋಂವರ್ಕು, ನನ್ನ ಸಂಬಳದ ಮೆಸೇಜು,
ಮಡಿಕೇರಿ ಚಿಕ್ಕಮ್ಮನ ವೀಡಿಯೋ ಕಾಲು,
ಎಲ್ಲ ಆ ಕಲ್ಲಿನ ಮೇಲೆಯೇ ಇಳಿಯಬೇಕು.
ಅಂದರೆ,
ನಕ್ಷೆಯಲ್ಲಿ ಅವಳು ಹೊಳೆದಾಗಲೆಲ್ಲ
ಒಬ್ಬಳೇ ಇರುತ್ತಾಳೆ.

ಕಾರು ಓಡಿಸುವ ಆಟವಂತೆ.
ಇಳಿಸಿಕೊಳ್ಳುವಾಗ ಕೇಳಿತ್ತಂತೆ, ನಿಮ್ಮ ಸ್ಥಳ ತಿಳಿಯಬಹುದೇ ಎಂದು.
ಹನ್ನೊಂದು ವರ್ಷದವಳು, ಆಟ ಶುರುವಾಗಲಿ ಎಂದು ಹೂಂ ಅಂದಳು.
ಒಳಗೆ ಬರಲೇ ಎಂದು ಬಾಗಿಲಲ್ಲಿ ಕೇಳಿದವರಿಗೆ
ಬೇಡ ಅನ್ನಬಾರದೆಂದು ಕಲಿಸಿದವಳು ನಾನೇ.

ಸಂಜೆ ಇಬ್ಬರೂ ಕಲ್ಲು ಹತ್ತಿದೆವು.
ಸೆಟ್ಟಿಂಗ್ಸ್ ಒಳಗೆ ಸೆಟ್ಟಿಂಗ್ಸ್, ಅದರೊಳಗೆ ಪರ್ಮಿಶನ್,
"ಯಾವಾಗಲೂ" ಎಂಬ ಪದದ ಪಕ್ಕ ಹಸಿರು.
ಯಾವಾಗಲೂ!
ಮದುವೆಯ ದಿನ ಕೂಡ ನಾನು ಯಾರಿಗೂ ಕೊಡದ ಮಾತು.
ಒತ್ತಿದೆ. ಹಸಿರು ಬೂದುಬಣ್ಣಕ್ಕೆ ತಿರುಗಿತು.
ಕ್ಯಾಮೆರಾದ್ದನ್ನೂ ಆರಿಸಿದೆ, ಗೆಳೆಯರ ನಕ್ಷೆಯನ್ನೂ.
ಆ ಅಣ್ಣನನ್ನು ಬ್ಲಾಕ್ ಮಾಡುವ ಮುಂಚೆ
ಅವನ ಮಾತುಗಳ ಫೋಟೊ ಹಿಡಿದಿಟ್ಟೆ, ಠಾಣೆಗೆ ಒಯ್ಯಲು.

ಪಟ್ಟಿಯ ಕೊನೆಯಲ್ಲಿ ಒಂದು ಉಳಿದಿತ್ತು.
"ಇದು ಯಾರದು?" ಅಂದಳು.
ಬೇಸಿಗೆಯ ಒಂದು ರಾತ್ರಿ ಹಾಕಿದ್ದು.
ಮಧ್ಯಾಹ್ನ ಡಬ್ಬಿ ಬಿಚ್ಚಿ ಎರಡು ಚುಕ್ಕಿ ನೋಡುತ್ತಿದ್ದೆ,
ಒಂದು ಸೀಗೆ, ಒಂದು ಇವಳು.
ಸುಳ್ಳು ಹೇಳಲು ಸಮಯವಿತ್ತು,
ತೋಡಿನ ಕಪ್ಪೆ ಒಮ್ಮೆ ಕೂಗಿ ಸುಮ್ಮನಾಗುವಷ್ಟು.
"ನನ್ನದು," ಅಂದೆ.

ಅವಳು ಅಳಲಿಲ್ಲ.
"ಸೀಗೆಗೂ ಹೇಳದೇ ಕಟ್ಟಿದ್ರಾ?"
"ಅವಳಿಗೆ ಮದ್ದು ಹೊಡೆದು ಮಲಗಿಸಿ ಕಟ್ಟಿದರು."
"ನಾನೂ ಮಲಗಿದ್ದೆ."

ನಮ್ಮ ಹಿತ್ತಲಿನಾಚೆ ಒಂದು ಹಳೆಯ ಕಡಂಗವಿದೆ,
ಯಾರೋ ಯಾರಿಗೋ ಹೆದರಿ ತೋಡಿದ ಕಂದಕ,
ಅರ್ಧ ತರಗೆಲೆ ತುಂಬಿದೆ.
ಅಗೆದ ಮಣ್ಣು ಯಾವ ಕಡೆ ಬಿದ್ದಿದೆ ನೋಡು,
ಹಗೆ ಯಾವ ಕಡೆಯವನು ಗೊತ್ತಾಗುತ್ತದೆ ಎನ್ನುತ್ತಿದ್ದರು ಅಜ್ಜ.
ಅವತ್ತು ಇಳಿದು ಬರುವಾಗ
ನನ್ನ ಮಣ್ಣು ಎರಡೂ ಕಡೆ ಬಿದ್ದಿತ್ತು.

ಆ ದಿನವೇ ತೆಗೆದೆ ಎಂದರೆ ಸುಳ್ಳಾದೀತು.
ಗುರುವಾರ ತೆಗೆದೆ.
"ಎಲ್ಲಿಗೆ ಹೋಗ್ತೀನಿ ಅಂತ ನಾನೇ ಹೇಳ್ತೀನಿ,
ನೀನು ಕೇಳು, ಅಷ್ಟೇ," ಅಂದಳು.
ಕೇಳುವುದು ನೋಡುವುದಕ್ಕಿಂತ ಕಷ್ಟ.
ಆರು ಗಂಟೆಯಾದ ಮೇಲಂತೂ ತುಂಬ.

ಇವತ್ತು ಸೀಗೆ ಎಲ್ಲಿದ್ದಾಳೆಂದು ಬೆಳಿಗ್ಗೆಯೇ ಬರೆದೆ, ಓದಿರುತ್ತೀರಿ.
ಲಿಷ್ಮಾ ನನಗೆ ಹೇಳಿಯೇ ಹೋಗಿದ್ದಾಳೆ.
ಅದು ಅವಳ ಹೆಸರಲ್ಲ.
ನೂರೈವತ್ತು ಹೆಜ್ಜೆ ಎಂದೆನಲ್ಲ,
ಅದೂ ಅಷ್ಟಲ್ಲ.