ಅಧ್ಯಕ್ಷರ ಇಂಚು

ಬೆಟಗೇರಿಯಾಗ ಟೇಲರ್ ಗೂಳಪ್ಪ ಜಂಪರ್ ತುಸು ಗಿಡ್ಡ ಹೊಲದರ
ತುಳಜಾಬಾಯಿ ಕೇಳತಾಳ:
"ಯಾವ ಇಂಚಿನ್ಯಾಗ ಅಳದೀಯೋ,
ನಮ್ಮದರಾಗೋ, ಅಧ್ಯಕ್ಷರದರಾಗೋ?"
ಅಂಗಡಿ ತುಂಬ ನಗಿ.
ಕಾಜ ಹಾಕೂ ಹುಡುಗನೂ ನಗತಾನ;
ಅಂವ ಹುಟ್ಟಿದ್ದು ಆ ಗದ್ದಲ ಆಗಿ ಹತ್ತು ವರ್ಷಕ್ಕ.

ನಾ ನಗೂದಿಲ್ಲ.
ನಾನು ವಾಲ್ವ್ ಮೌಲಾಸಾಬ, ಮುನ್ಸಿಪಾಲ್ಟಿಯವ, ಈಗ ರಿಟೈರು.
ಮೂವತ್ತೊಂದು ವರ್ಷ
ಈ ಕೈ ತಿರುವಿದಾಗಷ್ಟ ಗದಗಿನ ಓಣಿ ಏಳತಿದ್ವು.

ಅಂದಾನೆಪ್ಪ ಸೊರಟೂರ ಅಧ್ಯಕ್ಷ ಆಗೂದಕ್ಕೂ ಮೊದಲು
ನೀರಂದ್ರ ಸವಳು.
ಬ್ಯಾಳಿ ಬೇಯದ, ಸಾಬಾಣ ನೊರಿ ಏಳದ ನೀರು.
ಹೊಳಿ ತರತೀನಿ ಅಂದ. ತಂದ.
ಇಲ್ಲಾ ಅನ್ನಾಕ ನನಗ ನಾಲಿಗಿ ಏಳೂದಿಲ್ಲ.
ಹಾತಲಗೇರಿ ನಾಕಾದಾಗ ಮೊದಲ ನಳ ಬಿಟ್ಟ ದಿನ
ಪಟಗಾ ತಗದು ನನ್ನ ಕೈಯಾಗ ಕೊಟ್ಟು
ಬೊಗಸಿ ಒಡ್ಡಿ ಕುಡದ,
ಮೀಸಿಯಿಂದ ನೀರು ಸೋರತಿತ್ತು,
ಮುದುಕೇರು ನಟಿಗಿ ಮುರದರು.
ಆಮ್ಯಾಲೆ ಎಷ್ಟೋ ವರ್ಷ,
ನಾಳೆ ಐದಕ್ಕ ನೀರು ಅಂತ ಅಂವ ಅಂದ್ರ
ಇವತ್ತ ಕೊಡ ತಿಕ್ಕಿ ಬೋರಲ ಹಾಕಿ ಮಲಗತಿದ್ರು ಮಂದಿ.
ವಿಶ್ವಾಸ ಅಂದ್ರ ನಾ ಕಂಡದ್ದು ಇಷ್ಟ:
ಬೋರಲ ಹಾಕಿದ ಕೊಡ,
ಹತ್ತಿದ ನಿದ್ದಿ.

ಒಡದದ್ದು ಟಾಂಗಾ ಕೂಟದ ಹತ್ರ, ಶ್ರಾವಣದಾಗ.
ರಸ್ತೆ ಕುಸದು ಕಡ್ಲಿ ಚೀಲದ ಲಾರಿ ಗಾಲಿ ಸಿಕ್ಕೊಂತು.
ಅಗದ್ರು. ಪೈಪು ಕಂಡ್ತು.
ಮಗ್ಗದ ಮನಿಯ ಯಾವನೋ ಹುಡುಗ, ಕಣ್ಣಾಗ ಅಳತಿ ಇದ್ದಂವ,
ಗೇಣು ಹಚ್ಚಿ ನೋಡಿ ಅಂದ: "ಇದು ಆರಿಂಚಲ್ಲ."
ಟೇಪು ತಂದ್ರು.
ಕಾಗದದಾಗ ಆರು, ಬಿಲ್ಲಿನ್ಯಾಗ ಆರು,
ಉದ್ಘಾಟನೆ ಕಲ್ಲಿನ ಮ್ಯಾಲೆ ಬಂಗಾರದ ಬಣ್ಣದಾಗ ಆರು,
ನೆಲದಾಗ ನಾಕು.

ಆಗರ ಅಂವ "ಹೌದ್ರೆಪಾ, ತಪ್ಪಾತು" ಅಂದಿದ್ರ
ಊರು ಬೈದು, ಉಗುಳಿ, ದಂಡ ಹಾಕಿ,
ಮುಂದಿನ ಹಬ್ಬಕ್ಕ ಮತ್ತ ಹೋಳಿಗಿಗೆ ಕರೀತಿತ್ತೇನೋ.
ಇದು ಅಂಥಾ ಊರು.
ಅಂವ ಸಭಾದಾಗ ಎದ್ದು ನಿಂತ:
"ಆ ಪೈಪು ನಾ ಕಣ್ಣಿಲೆ ಸೈತ ನೋಡಿಲ್ಲ."
ಬಾಗಲದಾಗ ಚಾದ ತಾಟ ಹಿಡದು ನಿಂತಿದ್ದೆ.

ನೋಡಿಲ್ಲೇನು?
ಲಾರಿಯಿಂದ ಇಳಿಸಿದ ರಾತ್ರಿ ಬ್ಯಾಟ್ರಿ ಹಿಡದಂವ ನಾ.
ಪೈಪಿನ ಬಾಯಾಗ ಮುಟಗಿ ಕಟ್ಟಿ ತೂರಿಸಿದ.
ಉಂಗುರ ತಾಕಿ ಟಣ್ ಅಂತು.
ಹೋಗಲಿಲ್ಲ.
ಹೊಳ್ಳಿ ನನ್ನ ಮಾರಿ ನೋಡಿದ.
ಮೂರನೇ ದಿನ ನನ್ನ ಹೇಣ್ತಿಗೆ ಒಂದು ಇಳಕಲ್ ಸೀರಿ ಬಂತು.
ಎರಡು ಈದಿಗೆ ಉಟ್ಟಳು, ಚಂದ ಕಾಣತಿದ್ದಳು.
ಅಳತಿ ಪುಸ್ತಕದಾಗ ಸಾಕ್ಷಿ ಸಹಿ
ನಂದು.

ಕೇಸಿನ ಕಾಗದಕ್ಕ ಕಡೀಕೆ ಗೆದ್ದಲು ತೀರ್ಪು ಕೊಡ್ತು.
ಅಂವ ಕಟ್ಟಿಸಿದ ಹೆಣ್ಣ ಹುಡುಗ್ಯಾರ ಸಾಲಿ ಇನ್ನೂ ಗಂಟಿ ಹೊಡೀತೈತಿ,
ಯಾರು ಕಟ್ಟಿಸಿದ್ದಂತ ಕೇಳಿದ್ರ ಸರಕಾರ ಅಂತಾರ.
ಬ್ಯಾನಿ ಬಂದ ವರ್ಷ ಖುದ್ದ ನಿಂತು ಗಟಾರಕ್ಕ ಪುಡಿ ಹೊಡಸಿದ್ದ;
ಬದುಕಿದವ್ರು ಅದನ್ನ ಮರತ್ರು.
ಉಳದದ್ದು ಆ ಇಂಚು ಒಂದ.
ಪ್ಯಾಟ್ಯಾಗ ತಕ್ಕಡಿ ತುಸು ವಾಲಿದರ ಅಧ್ಯಕ್ಷರ ಇಂಚು,
ಅಳಿಯ ಕೊಟ್ಟ ಮಾತಿಗೆ ತಪ್ಪಿದ್ರ ಅಧ್ಯಕ್ಷರ ಇಂಚು.

ಅವನ ಹಿಂದ ಕಾಶಮ್ಮ ಗೋಗೇರಿ ಅಧ್ಯಕ್ಷಿ ಆದ್ಲು.
ಆಕಿ ಕೈಗೆ ಒಂದು ಪೈಸಾ ಅಂಟಿದ್ದಿಲ್ಲ, ನಾ ಬಲ್ಲೆ.
"ನಾಳೆ ಐದಕ್ಕ ನೀರು" ಅಂದ್ಲು ಪಾಪ,
ಓಣಿಗೆ ಓಣಿನ ಎಚ್ಚರ ಕುಂತಿತು,
ನಳಕ್ಕ ಕಿವಿ ಹಚ್ಚಿ, ಕೂಸು ಮಡ್ಲಾಗ ಇಟಗೊಂಡು.
ಐದಕ್ಕ ಬಿಟ್ಟೆ. ಸರಿಯಾಗಿ ಐದಕ್ಕ.
ಒಬ್ಬರೂ ಆಕೀನ ನೆನಸಲಿಲ್ಲ.
ಮರುದಿನ ಮತ್ತ ಎಚ್ಚರ ಕುಂತ್ರು.

ಸಾಯೂ ವರ್ಷ, ಒಂದ ನಸಕಿನ್ಯಾಗ,
ಕೋಲು ಊರಕೋತ ವಾಲ್ವಿನ ಗುಂಡಿಗೆ ಬಂದ.
ಹಳೇ ಪೈಪು ಕಿತ್ತು ಹೊಸಾವು ಹಾಕಿದ್ರು ಆಗಷ್ಟ.
"ಮೌಲಾ, ಈಗ ಎಷ್ಟೈತೋ?"
"ಆರು, ಸಾಹುಕಾರ್ರ."
"ನೀ ಅಳದಿಯೇನು?"
ಅಳದಿದ್ದೆ. ಖರೇನ ಆರಿತ್ತು.
ಅಂವ ನಂಬಲಿಲ್ಲ.
ಅಲ್ಲೇ ಬಿದ್ದಿದ್ದ ತುಂಡು ಪೈಪಿನ ಮುಂದ ಮೊಣಕಾಲೂರಿ
ಮುಟಗಿ ಕಟ್ಟಿದ.
ಬೆರಳಾಗ ಉಂಗುರ ಇರಲಿಲ್ಲ.