ಹಿಂದಿನ ಎಡಚಕ್ರ

ಅರಸೀಕೆರೆ. ರೈಲ್ವೆ ಕ್ವಾರ್ಟರ್ಸು
ಖಾಲಿ ಮಾಡುವ ವಾರ.
ಭೂತಗನ್ನಡಿ ಹಿಡಿದು ಬಂದವರು
ತಗಡಿನ ಜೀಪನ್ನು ಅಂಗಾತ ಮಲಗಿಸಿದರು,
ಡಾಕ್ಟರಂತೆ.

‘ಬಾನೆಟ್ಟು ಚಪ್ಪಟೆ. ಇನ್ನೂರು ಕಳೀತೀನಿ.’
ಮುನೀರ ಪ್ಲಾಟ್‌ಫಾರ್ಮಿನಿಂದ
ಅದನ್ನು ಹಳಿಗೆ ಹಾರಿಸಿದ್ದ;
ಗೂಡ್ಸುಗಾಡಿ ಪೂರ್ತಿ ಹೋಗುವತನಕ
ಉಸಿರೇ ಬಿಟ್ಟಿರಲಿಲ್ಲ ನಾವು.

‘ಈ ಕೆಂಪು ಕಂಪನಿಯದಲ್ಲ.’
ಅಲ್ಲ. ಖಾಲಾಳ ನೇಲ್‌ಪಾಲಿಶ್,
ಮದುವೆಗೆಂದು ಇಟ್ಟದ್ದು.
ಇಡೀ ಬಾಟಲಿ.

‘ಟೈರಿನ ಮೇಲಿದೇನು, ಇಲಿಯೇ?’
ಎರಡು ಗುರುತು, ಅಕ್ಕಿಕಾಳಿನಷ್ಟು.
ಆಗಷ್ಟೇ ಹಲ್ಲು ಬಂದಿತ್ತು ಅವನಿಗೆ,
ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದ.

ಇಲಿಯೇ, ಅಂದೆ.
ಹೇರ್‌ಪಿನ್ನಿನಿಂದ ಚಕ್ರ ಮೀಟಿ ತೆಗೆದು
ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡೆ.

‘ಅಯ್ಯೋ, ಮೂರೇ ಚಕ್ರವಾದರೆ...’

ಕಳೀರಿ,
ಅದನ್ನೂ.